ಸೂತ್ರಕ್ಕಿಂತ ಮೊದಲು ಸಮಸ್ಯೆ ಬರಲಿ

ಲಿಂಗಸುಗೂರು, ಮಸ್ಕಿ, ಸಿಂಧನೂರು ಹಾದು ಬರುವ ಹೆದ್ದಾರಿ ತುಂಗಭದ್ರೆಯನ್ನು ದಾಟಿ ಸಿರುಗುಪ್ಪದ ಸೀಮೆಗೆ ಇಳಿಯುವುದು ದಢೇಸುಗೂರಿನಲ್ಲಿ. ಈ ಭಾಗದ ಮನೆಗಳಲ್ಲಿ ಬೆಳಗಾದರೆ ಲೆಕ್ಕದ ಮಾತು. ಡ್ಯಾಮಿನಲ್ಲಿ ಎಷ್ಟು ಟಿಎಂಸಿ ನೀರಿದೆ, ಎಡದಂಡೆ ಕಾಲುವೆಗೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ, ಕೊನೆ ಭಾಗದ ಗದ್ದೆಗೆ ನೀರು ಮುಟ್ಟುವುದು ಯಾವಾಗ, ಎಕರೆಗೆ ಎಷ್ಟು ಚೀಲ ಇಳುವರಿ, ಚೀಲಕ್ಕೆ ಎಷ್ಟು ದರ ಎಂದು ಹಿರಿಯರು ಬಾಯಲ್ಲೇ ಗುಣಿಸಿ, ಭಾಗಿಸಿ ಹೇಳುತ್ತಾರೆ. ಅದೇ ಮನೆಯ ಮಗು ಒಂಬತ್ತು, ಹತ್ತನೇ ತರಗತಿಗೆ ಬರುವ ಹೊತ್ತಿಗೆ ಗಣಿತವೆಂದರೆ ಹಿಂಜರಿಯುತ್ತದೆ. ಸ್ವಲ್ಪ ಹೊಸ ರೀತಿಯ ಲೆಕ್ಕ ಕೊಟ್ಟರೆ ತರಗತಿಯಿಂದ ಬರುವ ಮೊದಲ ಪ್ರಶ್ನೆ ಒಂದೇ: ‘ಸರ್, ಇದಕ್ಕ ಯಾವ ಸೂತ್ರ ಹಚ್ಚಬೇಕ್ರೀ?’

ಈ ಪ್ರಶ್ನೆಯನ್ನು ಮಗುವಿನ ಬಾಯಿಗೆ ತಂದವರು ನಾವು. ಪ್ರೌಢಶಾಲೆಯ ಗಣಿತದ ಪಾಠ ಸಾಮಾನ್ಯವಾಗಿ ಸಾಗುವ ಕ್ರಮವನ್ನು ನೋಡಿ. ಮೊದಲು ವ್ಯಾಖ್ಯೆ, ನಂತರ ಸೂತ್ರ, ಆಮೇಲೆ ಕರಿಹಲಗೆಯ ಮೇಲೆ ಬಿಡಿಸಿದ ಎರಡು ಉದಾಹರಣೆ, ಕೊನೆಗೆ ಅದೇ ಮಾದರಿಯ ಹತ್ತು ಲೆಕ್ಕಗಳ ಅಭ್ಯಾಸ. ಅಂಕಿಗಳು ಬದಲಾಗುತ್ತವೆ, ದಾರಿ ಬದಲಾಗುವುದಿಲ್ಲ. ಯಾವ ದಾರಿ ಹಿಡಿಯಬೇಕೆಂದು ನಿರ್ಧರಿಸುವ ಕೆಲಸ ಮಗುವಿನ ಪಾಲಿಗೆ ಬರುವುದೇ ಇಲ್ಲ. ಎಸ್ಸೆಸ್ಸೆಲ್ಸಿ ಹತ್ತಿರವಾದಂತೆ ಪಾಸಿಂಗ್ ಪ್ಯಾಕೇಜ್ ಬರುತ್ತದೆ. ಖಚಿತವಾಗಿ ಬರುವ ನಕ್ಷೆ, ಒಂದೆರಡು ಪ್ರಮೇಯ ಕಂಠಪಾಠವಾಗುತ್ತವೆ. ಅಂಚಿನಲ್ಲಿರುವ ಮಕ್ಕಳನ್ನು ದಡ ಸೇರಿಸಲು ಶಿಕ್ಷಕರು ಸಂಜೆ, ಭಾನುವಾರವೆನ್ನದೆ ದುಡಿಯುತ್ತಾರೆ. ಆ ದುಡಿಮೆಯ ಮೇಲೆ ನನಗೆ ಗೌರವವಿದೆ. ಆದರೆ ಕಂಠಪಾಠದ ಗಣಿತ ಪರೀಕ್ಷೆಯ ಕೊಠಡಿಯನ್ನು ದಾಟಿ ಮುಂದೆ ಬರುವುದಿಲ್ಲ. ಕೆಲವೊಮ್ಮೆ ಆ ಕೊಠಡಿಯೊಳಗೂ ಕೈಕೊಡುತ್ತದೆ.

2024ರಲ್ಲಿ ನಕಲು ತಡೆಯಲು ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಿತು. ಹಿಂದಿನ ವರ್ಷ ಶೇ 83.89ರಷ್ಟಿದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಆ ವರ್ಷ ಕೊನೆಯ ಸ್ಥಾನದಲ್ಲಿದ್ದುದು ಯಾದಗಿರಿ, 2025ರಲ್ಲಿ ಕಲಬುರಗಿ. ಎರಡೂ ಕಲ್ಯಾಣ ಕರ್ನಾಟಕದ ಜಿಲ್ಲೆಗಳು, ನಮ್ಮ ನೆರೆಯವು. ನಮ್ಮ ಮಕ್ಕಳಿಗೆ ಬುದ್ಧಿ ಕಡಿಮೆ ಎಂದು ಯಾರೂ ಇದನ್ನು ಓದಬಾರದು. ಯೋಚಿಸುವ ಅವಕಾಶ ಅವರಿಗೆ ಎಷ್ಟು ಸಿಕ್ಕಿದೆ ಎಂದು ನಾವು ಕೇಳಿಕೊಳ್ಳಬೇಕು.

ಬೇರೆ ಕ್ರಮವೊಂದಿದೆ. ಸೂತ್ರವನ್ನು ಬದಿಗಿಟ್ಟು ಪಾಠವನ್ನು ಒಂದು ಸಮಸ್ಯೆಯಿಂದ ಆರಂಭಿಸುವುದು. ಮಗುವಿಗೆ ಪ್ರಶ್ನೆ ಅರ್ಥವಾಗಬೇಕು, ಉತ್ತರ ಬೇಕೆನಿಸಬೇಕು, ದಾರಿ ಮಾತ್ರ ಮೊದಲೇ ಗೊತ್ತಿರಬಾರದು. ದಾರಿಯನ್ನು ಹುಡುಕುವ ಹೊತ್ತಿನಲ್ಲಿ ಗಣಿತ ಹುಟ್ಟುತ್ತದೆ, ಸೂತ್ರ ಕೊನೆಗೆ ಬರುತ್ತದೆ. ಇದು ಬರಿಯ ಮಾತಾಗಿ ಉಳಿಯದಿರಲು ನಮ್ಮ ಕಣದ ಲೆಕ್ಕವನ್ನೇ ತೆಗೆದುಕೊಳ್ಳೋಣ.

ನಮ್ಮಲ್ಲಿ ಭತ್ತದ ಮಾತು 75 ಕೆ.ಜಿ. ಚೀಲದಲ್ಲಿ ನಡೆಯುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಭತ್ತದ ತೇವಾಂಶ ಶೇ 17ನ್ನು ಮೀರಿರಬಾರದು. ಶಿಕ್ಷಕರು ಹಲಗೆಯ ಮೇಲೆ ಇಷ್ಟು ಬರೆಯಲಿ: ಒಂದು ಚೀಲದಲ್ಲಿ 75 ಕೆ.ಜಿ. ಹಸಿ ಭತ್ತವಿದೆ, ತೇವಾಂಶ ಶೇ 22. ಕಣದಲ್ಲಿ ಹರವಿ ಒಣಗಿಸಿ ತೇವಾಂಶವನ್ನು ಶೇ 17ಕ್ಕೆ ತಂದರೆ ಭತ್ತದ ತೂಕ ಎಷ್ಟಾಗುತ್ತದೆ?

ಬಹುಪಾಲು ಮಕ್ಕಳು ಹೋಗುವ ದಾರಿ ಹೀಗೆ: 22ರಿಂದ 17ಕ್ಕೆ ಇಳಿದರೆ ಕಡಿಮೆಯಾದದ್ದು ಶೇ 5, 75ರ ಶೇ 5 ಎಂದರೆ 3.75; ಆದ್ದರಿಂದ ಉಳಿದದ್ದು 71.25 ಕೆ.ಜಿ. ಈ ಹಂತದಲ್ಲಿ ಶಿಕ್ಷಕರು ‘ತಪ್ಪು’ ಎನ್ನಬಾರದು, ಸರಿಯಾದ ಉತ್ತರವನ್ನೂ ಹೇಳಬಾರದು. ಒಂದು ಮಾತು ಕೇಳಿದರೆ ಸಾಕು: ನಿಮ್ಮ ಉತ್ತರವನ್ನು ಪರೀಕ್ಷಿಸುವುದು ಹೇಗೆ?

ಮಕ್ಕಳು ಪರೀಕ್ಷಿಸಲು ಕೂತರೆ ಮೊದಲು ಕಾಣುವುದು 75 ಕೆ.ಜಿ.ಯಲ್ಲಿ ನೀರು 16.5 ಕೆ.ಜಿ., ನೀರಿಲ್ಲದ ಭತ್ತ 58.5 ಕೆ.ಜಿ. ಎಂಬುದು. ಬಿಸಿಲಿಗೆ ಹೋಗುವುದು ನೀರು ಮಾತ್ರ, 58.5 ಹಾಗೆಯೇ ಉಳಿಯುತ್ತದೆ. ಒಟ್ಟು ತೂಕ 71.25 ಆಗಿದ್ದರೆ ಅದರಲ್ಲಿ ನೀರು 12.75 ಕೆ.ಜಿ. ಅದನ್ನು 71.25ರಿಂದ ಭಾಗಿಸಿದರೆ ಸಿಗುವುದು ಶೇ 17.9. ಅಂದರೆ ಆ ಭತ್ತ ಇನ್ನೂ ಒಣಗಿಲ್ಲ, ಖರೀದಿ ಕೇಂದ್ರದಿಂದ ವಾಪಸ್ ಬರುತ್ತದೆ! ಹಾಗಾದರೆ ಎಡವಿದ್ದೆಲ್ಲಿ? ಮೊದಲ ಶೇ 22 ಹಸಿ ಭತ್ತದ ತೂಕದ ಮೇಲಿನದು, ಎರಡನೆಯ ಶೇ 17 ಒಣಗಿದ ಮೇಲಿನ ತೂಕದ್ದು. ಎರಡು ಬೇರೆ ಬೇರೆ ಮೊತ್ತಗಳ ಶೇಕಡವನ್ನು ನೇರವಾಗಿ ಕಳೆಯಲು ಬರುವುದಿಲ್ಲ. ಹೊಸ ತೂಕದಲ್ಲಿ ನೂರಕ್ಕೆ 83 ಭಾಗ ನೀರಿಲ್ಲದ ಭತ್ತ, ಅದು 58.5 ಕೆ.ಜಿ. ಆದ್ದರಿಂದ ಹೊಸ ತೂಕ 58.5ನ್ನು 0.83ರಿಂದ ಭಾಗಿಸಿದಷ್ಟು, ಸುಮಾರು 70.48 ಕೆ.ಜಿ.

ವ್ಯತ್ಯಾಸ ಮುಕ್ಕಾಲು ಕೆ.ಜಿ.ಗಿಂತ ತುಸು ಹೆಚ್ಚು. ಅಷ್ಟೇ ತಾನೇ ಎನ್ನುವವರು ನೂರು ಚೀಲಕ್ಕೆ ಲೆಕ್ಕ ಹಾಕಲಿ. 76 ಕೆ.ಜಿ.ಗೂ ಹೆಚ್ಚು, ಅಂದರೆ ಒಂದು ಪೂರ್ತಿ ಚೀಲ. ಈಗ ಮಕ್ಕಳೇ ಮುಂದಿನ ಪ್ರಶ್ನೆ ಹುಟ್ಟಿಸಬಲ್ಲರು. ಶೇ 12ರವರೆಗೆ ಒಣಗಿಸಿದರೆ? ಯಾವ ತೇವಾಂಶದಿಂದ ಯಾವ ತೇವಾಂಶಕ್ಕೆ ಇಳಿಸಿದರೂ ಉತ್ತರ ಕೊಡುವ ಒಂದೇ ನಿಯಮವಿದೆಯೇ? ಮೊದಲ ತೂಕವನ್ನು ಹಳೆಯ ಒಣ ಭಾಗದಿಂದ ಗುಣಿಸಿ ಹೊಸ ಒಣ ಭಾಗದಿಂದ ಭಾಗಿಸು ಎಂಬ ಸೂತ್ರ ಆಗ ಮಗುವಿನ ಕೈಯಿಂದಲೇ ಬರುತ್ತದೆ. ತಾನು ಕಟ್ಟಿದ್ದನ್ನು ಮಗು ಮರೆಯುವುದಿಲ್ಲ, ಮರೆತರೂ ಮತ್ತೆ ಕಟ್ಟಿಕೊಳ್ಳಬಲ್ಲದು.

ಇಲ್ಲಿ ನಡೆದದ್ದನ್ನು ಹಂತ ಹಂತವಾಗಿ ಬಿಡಿಸಿ ಬರೆದವರು ಹಂಗೆರಿಯಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಗಣಿತಜ್ಞ ಜಾರ್ಜ್ ಪೋಲ್ಯ. 1945ರಲ್ಲಿ ಬಂದ ಅವರ ಪುಸ್ತಕ ‘ಹೌ ಟು ಸಾಲ್ವ್ ಇಟ್’ ನಾಲ್ಕು ಹೆಜ್ಜೆಗಳನ್ನು ಹೇಳುತ್ತದೆ. ಸಮಸ್ಯೆಯನ್ನು ಅರ್ಥ ಮಾಡಿಕೊ. ಒಂದು ಉಪಾಯ ಹೂಡು. ಅದನ್ನು ನಡೆಸಿ ನೋಡು. ಕೊನೆಗೆ ಹಿಂದಿರುಗಿ ಪರಿಶೀಲಿಸು. ನಮ್ಮ ತರಗತಿಗಳಲ್ಲಿ ಮೂರನೆಯ ಹೆಜ್ಜೆ ಮಾತ್ರ ಉಳಿದುಕೊಂಡಿದೆ. ಅರ್ಥ ಮಾಡಿಕೊಳ್ಳುವುದನ್ನೂ ಉಪಾಯ ಹೂಡುವುದನ್ನೂ ಶಿಕ್ಷಕರೇ ಮಾಡಿಬಿಡುತ್ತಾರೆ. ಉತ್ತರದ ಕೆಳಗೆ ಎರಡು ಗೆರೆ ಎಳೆದ ಮೇಲೆ ಹಿಂದಿರುಗಿ ನೋಡುವವರಿಲ್ಲ. ಭತ್ತದ ಲೆಕ್ಕದಲ್ಲಿ ಕಲಿಕೆ ನಡೆದದ್ದು ಬಹುಪಾಲು ಆ ನಾಲ್ಕನೆಯ ಹೆಜ್ಜೆಯಲ್ಲಿ ಎಂಬುದನ್ನು ಗಮನಿಸಿ.

ಇದು ಹೊರಗಿನಿಂದ ಬಂದ ಪದ್ಧತಿ ಎಂದು ಭಾವಿಸಬೇಕಾಗಿಲ್ಲ. ಸಮಸ್ಯೆಯ ಮೂಲಕ ಗಣಿತ ಹೇಳಿಕೊಡುವ ದೊಡ್ಡ ಪರಂಪರೆಯೊಂದು ನಮ್ಮ ನೆರೆಯ ಮಳಖೇಡದಲ್ಲಿ ಬೆಳೆದಿದೆ. ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿರುವ ಆ ಊರು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಖಗೋಳಶಾಸ್ತ್ರದ ಜೊತೆ ಬೆರೆಸದೆ ಗಣಿತವನ್ನೇ ಪ್ರತ್ಯೇಕವಾಗಿ ಹೇಳುವ ಗ್ರಂಥ ಅದು. ಭಿನ್ನರಾಶಿ, ತ್ರೈರಾಶಿಕ, ಕ್ಷೇತ್ರಗಣಿತ, ಅಗೆತದ ಲೆಕ್ಕ, ನೆರಳಿನ ಲೆಕ್ಕ ಎಲ್ಲವೂ ಅಲ್ಲಿವೆ. ನಿಯಮ ಹೇಳಿ ಸುಮ್ಮನಾಗದೆ ವ್ಯಾಪಾರಿಗಳು, ಹಣ್ಣುಗಳು, ಹರಿದ ಮುತ್ತಿನ ಸರದಂಥ ಲೋಕದ ಸಂಗತಿಗಳಿಂದ ಸಮಸ್ಯೆಗಳನ್ನು ಕಟ್ಟುವುದು ಅವನ ರೀತಿ. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ದಂಥ ಕೃತಿಗಳನ್ನು ಬರೆದು ಇದೇ ವಿದ್ಯೆಯನ್ನು ಕನ್ನಡಕ್ಕೆ ತಂದ.

ಮಹಾವೀರಾಚಾರ್ಯನ ಒಂದು ಸಮಸ್ಯೆಯನ್ನು ಇಂದಿಗೂ ಹತ್ತನೇ ತರಗತಿಗೆ ಕೊಡಬಹುದು. ಮೂವರು ವ್ಯಾಪಾರಿಗಳು ದಾರಿಯಲ್ಲಿ ಬಿದ್ದ ಹಣದ ಚೀಲವೊಂದನ್ನು ಕಾಣುತ್ತಾರೆ. ಈ ಚೀಲ ತನಗೆ ಸಿಕ್ಕರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನದಾಗುತ್ತದೆ ಎನ್ನುತ್ತಾನೆ ಮೊದಲನೆಯವನು. ತನಗೆ ಸಿಕ್ಕರೆ ಮೂರರಷ್ಟು ಎನ್ನುತ್ತಾನೆ ಎರಡನೆಯವನು, ಐದರಷ್ಟು ಎನ್ನುತ್ತಾನೆ ಮೂರನೆಯವನು. ಚೀಲದಲ್ಲಿ ಎಷ್ಟಿತ್ತು, ಒಬ್ಬೊಬ್ಬರ ಬಳಿ ಎಷ್ಟಿತ್ತು?

ಸಮೀಕರಣ ಬರೆಯಲು ಹೊರಟ ಹುಡುಗಿ ತಡವರಿಸುತ್ತಾಳೆ. ಗೊತ್ತಿಲ್ಲದ ಸಂಖ್ಯೆಗಳು ನಾಲ್ಕು, ಸಮೀಕರಣಗಳು ಮೂರೇ. ಆಗ ಶಿಕ್ಷಕರು ಭತ್ತದ ಪಾಠದಲ್ಲಿ ಫಲ ಕೊಟ್ಟ ಹೊಳಹನ್ನೇ ಪ್ರಶ್ನೆಯಾಗಿಸಿ ಕೇಳಲಿ: ಇಲ್ಲಿ ಬದಲಾಗದೆ ಉಳಿಯುವುದು ಯಾವುದು? ಚೀಲ ಯಾರ ಕೈ ಸೇರಿದರೂ ಎಲ್ಲರ ಹಣ ಮತ್ತು ಚೀಲದ ಹಣ ಕೂಡಿದ ಒಟ್ಟು ಮೊತ್ತ ಅಷ್ಟೇ. ಮೊದಲನೆಯವನ ಮಾತಿನ ಪ್ರಕಾರ ಉಳಿದಿಬ್ಬರದು ಒಟ್ಟಿನ ಮೂರನೇ ಒಂದು ಭಾಗ. ಎರಡನೆಯವನ ಪ್ರಕಾರ ಒಂದನೆಯ ಮತ್ತು ಮೂರನೆಯವರದು ನಾಲ್ಕನೇ ಒಂದು ಭಾಗ. ಮೂರನೆಯವನ ಪ್ರಕಾರ ಮೊದಲಿಬ್ಬರದು ಆರನೇ ಒಂದು ಭಾಗ. ಮೂರು, ನಾಲ್ಕು, ಆರರಿಂದ ಭಾಗವಾಗುವ ಸಂಖ್ಯೆ 12. ಒಟ್ಟು 12 ಎಂದು ಹಿಡಿದರೆ ಜೋಡಿಗಳ ಹಣ 4, 3 ಮತ್ತು 2. ಇವನ್ನು ಕೂಡಿದರೆ 9, ಅದು ಮೂವರ ಹಣದ ಎರಡರಷ್ಟು, ಹಾಗಾಗಿ ಅರ್ಧಗಳು ಬರುತ್ತವೆ. ಒಟ್ಟನ್ನು 24 ಮಾಡಿಕೊಂಡರೆ ಅರ್ಧಗಳು ಹೋಗಿ ಮೂವರ ಹಣ 1, 3, 5 ಎಂದೂ ಚೀಲದಲ್ಲಿ 15 ಎಂದೂ ಸಿಗುತ್ತದೆ. ಪರೀಕ್ಷಿಸಿ: 15ಕ್ಕೆ 1 ಕೂಡಿದರೆ 16, ಅದು 8ರ ಎರಡರಷ್ಟು, 18 ಎಂಬುದು 6ರ ಮೂರರಷ್ಟು, 20 ಎಂಬುದು 4ರ ಐದರಷ್ಟು.

ಕೆಲಸ ಮುಗಿಯಲಿಲ್ಲ. 2, 6, 10 ಮತ್ತು 30 ಎಂದರೂ ಲೆಕ್ಕ ಸರಿಹೋಗುತ್ತದಲ್ಲ ಎಂದು ಯಾರಾದರೂ ಹೇಳುತ್ತಾರೆ. ಮೂರೇ ಸಮೀಕರಣದಿಂದ ನಾಲ್ಕು ಸಂಖ್ಯೆಗಳನ್ನು ನಿಶ್ಚಯಿಸಲು ಬರುವುದಿಲ್ಲ, ಅವುಗಳ ಅನುಪಾತವನ್ನು ಮಾತ್ರ ನಿಶ್ಚಯಿಸಬಹುದು ಎಂಬುದು ಆಗ ಉಪದೇಶವಿಲ್ಲದೆ ಅರ್ಥವಾಗುತ್ತದೆ. ಲಘುತಮ ಸಾಮಾನ್ಯ ಅಪವರ್ತ್ಯ, ಭಿನ್ನರಾಶಿ, ಅನುಪಾತ, ಏಕಕಾಲಿಕ ಸಮೀಕರಣ ಎಂದು ಬೇರೆ ಬೇರೆ ಅಧ್ಯಾಯಗಳಲ್ಲಿ ಓದಿದ್ದು ಒಂದೇ ಸಮಸ್ಯೆಯಲ್ಲಿ ಕೂಡಿಬರುತ್ತದೆ. ಸಮೀಕರಣ ಗೊತ್ತಿಲ್ಲದ ಮಗುವೂ ಸಣ್ಣ ಸಂಖ್ಯೆಗಳನ್ನು ಹಾಕಿ ನೋಡುತ್ತ ಇದೇ ಉತ್ತರಕ್ಕೆ ಬರಬಹುದು. ಒಳ್ಳೆಯ ಸಮಸ್ಯೆ ತರಗತಿಯ ಮುಂದಿನ ಬೆಂಚಿಗೂ ಹಿಂದಿನ ಬೆಂಚಿಗೂ ಪ್ರವೇಶ ಕೊಡುತ್ತದೆ.

ಇಂಥ ಪಾಠವನ್ನು ನಡೆಸುವ ಬಗೆಯನ್ನು ಜಪಾನಿನ ಶಾಲೆಗಳಿಂದ ಕಲಿಯಬಹುದು. ಅಲ್ಲಿ ಇಡೀ ಪೀರಿಯಡ್ ಒಂದೇ ಸಮಸ್ಯೆಯ ಸುತ್ತ ನಡೆಯುವುದು ಅಪರೂಪವಲ್ಲ. ಮಕ್ಕಳು ಮೊದಲು ಒಬ್ಬೊಬ್ಬರಾಗಿ ಯೋಚಿಸುತ್ತಾರೆ. ಆ ಹೊತ್ತಿನಲ್ಲಿ ಶಿಕ್ಷಕರು ಸಾಲುಗಳ ನಡುವೆ ಓಡಾಡಿ ಯಾರು ಯಾವ ದಾರಿ ಹಿಡಿದಿದ್ದಾರೆ ಎಂದು ಗುರುತಿಸಿಕೊಳ್ಳುತ್ತಾರೆ. ಅನಂತರ ಬೇರೆ ಬೇರೆ ದಾರಿ ಹಿಡಿದ ಮಕ್ಕಳು ಒಬ್ಬೊಬ್ಬರಾಗಿ ಹಲಗೆಯ ಮೇಲೆ ತಮ್ಮ ಕೆಲಸವನ್ನು ಬರೆಯುತ್ತಾರೆ. ಬರೆದದ್ದನ್ನು ಅಳಿಸದೆ ಉಳಿಸಿಕೊಂಡು ಎಲ್ಲ ದಾರಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಚರ್ಚಿಸುತ್ತಾರೆ. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಡ, ಪ್ರಯೋಗಾಲಯ ಬೇಡ. ಹಲಗೆ, ಸೀಮೆಸುಣ್ಣ ಮತ್ತು ಉತ್ತರ ಹೇಳದೆ ಕಾಯುವ ತಾಳ್ಮೆ ಇದ್ದರೆ ಆಯಿತು. ಮೂರರಲ್ಲಿ ಕಠಿಣವಾದದ್ದು ಕೊನೆಯದು.

ಈಜನ್ನು ದಡದಲ್ಲಿ ನಿಂತು ಕಲಿಯಲಾಗದು ಎಂಬುದು ಹೊಳೆಯ ದಂಡೆಯವರಿಗೆ ಗೊತ್ತು, ಗಣಿತವೂ ಹಾಗೆಯೇ. ನಮ್ಮ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಕೂಡ ಶಾಲಾ ಗಣಿತದ ಮುಖ್ಯ ಗುರಿಯನ್ನು ಲೆಕ್ಕ ಮಾಡುವ ಕೌಶಲಕ್ಕೆ ಸೀಮಿತಗೊಳಿಸದೆ, ಗಣಿತದ ರೀತಿಯಲ್ಲಿ ಆಲೋಚಿಸುವ ಮನಸ್ಸನ್ನು ಬೆಳೆಸುವುದು ಎಂದೇ ಹೇಳಿದೆ.

ಆಕ್ಷೇಪಗಳಿವೆ, ಅವು ನ್ಯಾಯವಾದವೇ. ಹೀಗೆ ಕಲಿಸಿದರೆ ಪಠ್ಯ ಮುಗಿಯುವುದು ಯಾವಾಗ ಎಂದು ಶಿಕ್ಷಕರು ಕೇಳುತ್ತಾರೆ. ಎಲ್ಲ ಪಾಠಗಳನ್ನೂ ಹೀಗೆ ನಡೆಸಬೇಕೆಂದು ನಾನು ಹೇಳುವುದಿಲ್ಲ. ಮಗ್ಗಿ ಬಾಯಿಗೆ ಬರಬೇಕು, ಅಪವರ್ತಿಸುವ ಕೈ ಪಳಗಬೇಕು, ಅದಕ್ಕೆ ಅಭ್ಯಾಸದ ಲೆಕ್ಕಗಳು ಬೇಕೇ ಬೇಕು. ವಾರಕ್ಕೆ ಒಂದು ಪೀರಿಯಡ್ ಮಾತ್ರ ಸಮಸ್ಯೆಗೆ ಮೀಸಲಾಗಲಿ. ಅಲ್ಲಿ ಕಳೆದ ಸಮಯ ಉಳಿದ ಪೀರಿಯಡ್‌ಗಳಲ್ಲಿ ಮರಳಿ ಬರುತ್ತದೆ, ಏಕೆಂದರೆ ಅರ್ಥವಾದದ್ದನ್ನು ಮತ್ತೆ ಮತ್ತೆ ಹೇಳಬೇಕಾಗುವುದಿಲ್ಲ.

ಎಂಟನೇ ತರಗತಿಗೆ ಬಂದವರಿಗೆ ಭಾಗಾಕಾರವೇ ಬಾರದು, ಅವರಿಗೆ ಸಮಸ್ಯೆ ಎಲ್ಲಿಂದ ಎಂಬುದು ಇನ್ನೊಂದು ಆಕ್ಷೇಪ. ಒಣಭೂಮಿಯ ಹಳ್ಳಿಗಳಿಂದ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ, ನಾಟಿ ಮತ್ತು ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆ ತಪ್ಪಿಸಿಕೊಳ್ಳುವ ಮಕ್ಕಳಿಗೆ ನಡುನಡುವೆ ಕೊಂಡಿ ಕಳಚಿರುತ್ತದೆ, ನಿಜ. ಆದರೆ ಮೂರು ವಾರ ತಪ್ಪಿಸಿಕೊಂಡು ಬಂದ ಹುಡುಗನಿಗೆ ಸೂತ್ರಗಳ ಪಟ್ಟಿ ಗೋಡೆಯಂತೆ ಕಂಡರೂ ಭತ್ತದ ಚೀಲ ಅಪರಿಚಿತವಲ್ಲ. ಭಾಗಾಕಾರ ಏಕೆ ಬೇಕೆಂದು ಗೊತ್ತಾದ ದಿನ ಅದನ್ನು ಕಲಿಯಲು ಅವನಿಗೆ ಕಾರಣ ಸಿಗುತ್ತದೆ.

ಸಮಸ್ಯೆಗಳನ್ನು ಎಲ್ಲಿಂದ ತರುವುದು ಎನ್ನುವವರಿಗೆ ನಮ್ಮ ಸುತ್ತಲೇ ಸಾಮಗ್ರಿಯಿದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಕಾಲುವೆಗೆ 4,000 ಕ್ಯೂಸೆಕ್ ಹರಿಸಿದರೆ ಒಂದು ಟಿಎಂಸಿ ನೀರು ಎಷ್ಟು ದಿನ ಬರುತ್ತದೆ? ದಿನಕ್ಕೆ 86,400 ಸೆಕೆಂಡು ಎಂಬುದು ನೆನಪಾದರೆ ಉತ್ತರ ಮೂರು ದಿನಕ್ಕೆ ತುಸು ಕಡಿಮೆ ಎಂದು ಬರುತ್ತದೆ. ತುಂಗಭದ್ರಾ ಜಲಾಶಯದ ಆರಂಭದ ಸಾಮರ್ಥ್ಯ ಸುಮಾರು 133 ಟಿಎಂಸಿ, ಹೂಳು ತುಂಬಿ ಈಗ ಸುಮಾರು 105.79. ಹೂಳು ನುಂಗಿದ ಜಾಗ ಎಷ್ಟು ದಿನದ ಕಾಲುವೆ ನೀರು? ಸುಮಾರು 79 ದಿನ! ಈ ಸಂಖ್ಯೆಯನ್ನು ತಾನೇ ಕಂಡುಕೊಂಡ ಮಗು ನೀರಾವರಿ ಸಲಹಾ ಸಮಿತಿಯ ಸುದ್ದಿಯನ್ನು ಮುಂದೆ ಬೇರೆಯೇ ಕಣ್ಣಿನಿಂದ ಓದುತ್ತದೆ.

ತ್ರಿಕೋನಮಿತಿಗೆ ಹೊಳೆಯೇ ಇದೆ. ದಢೇಸುಗೂರಿನ ದಂಡೆಯಲ್ಲಿ ನಿಂತು, ಹೊಳೆಗೆ ಇಳಿಯದೆ ಅದರ ಅಗಲವನ್ನು ಅಳೆಯಬಹುದೇ? ಆಚೆ ದಂಡೆಯ ಮರವೊಂದಕ್ಕೆ ನೇರ ಎದುರಾಗಿ ಗೂಟ ನೆಟ್ಟು, ದಂಡೆಗುಂಟ ನಡೆಯುತ್ತ ಹೋಗಿ, ಮರಕ್ಕೂ ಗೂಟಕ್ಕೂ ನಡುವೆ 45 ಡಿಗ್ರಿ ಕೋನ ಕಾಣುವ ಕಡೆ ನಿಲ್ಲಬೇಕು. ನಡೆದಷ್ಟು ದೂರವೇ ಹೊಳೆಯ ಅಗಲ. ರಟ್ಟಿನಿಂದ ಕತ್ತರಿಸಿದ ಸಮದ್ವಿಬಾಹು ಲಂಬಕೋನ ತ್ರಿಭುಜ ಇದಕ್ಕೆ ಸಾಕಾದ ಉಪಕರಣ. ಹತ್ತಿರದಲ್ಲೇ ಸೇತುವೆಯಿದೆ, ಅದರ ಉದ್ದದೊಂದಿಗೆ ತಾಳೆ ನೋಡಬಹುದು. ಎರಡೂ ಕೂಡಿಬರದಿದ್ದರೆ ಏಕೆ ಎಂಬುದು ಮರುದಿನದ ಪಾಠ. ಮಸ್ಕಿಯ ಮಕ್ಕಳಿಗೆ ಅಶೋಕನ ಶಾಸನವಿರುವ ಬೆಟ್ಟದ ಎತ್ತರ, ಲಿಂಗಸುಗೂರಿನ ಮಕ್ಕಳಿಗೆ ಮುದಗಲ್ಲಿನ ಕೋಟೆಗೋಡೆ ಇದೇ ರೀತಿ ಒದಗುತ್ತವೆ.

ಪರೀಕ್ಷೆಯ ಮಾತು ಉಳಿಯಿತು. 80 ಅಂಕಗಳ ಪ್ರಶ್ನೆಪತ್ರಿಕೆ ಕೇಳುವಂತೆಯೇ ತರಗತಿ ಕಲಿಸುತ್ತದೆ. ಶಿಕ್ಷಕರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಪರೀಕ್ಷಾ ಮಂಡಳಿ ಪ್ರತಿ ಪತ್ರಿಕೆಯಲ್ಲೂ ಗೈಡುಗಳಲ್ಲಿ ಇಲ್ಲದ ಒಂದು ಸಮಸ್ಯೆಯನ್ನಾದರೂ ಇಡಲಿ, ಉತ್ತರ ತಪ್ಪಿದರೂ ಆಲೋಚನೆಯ ದಾರಿಗೆ ಅಂಕ ಕೊಡಲಿ. ಶಿಕ್ಷಣ ಇಲಾಖೆ ಖಾಲಿ ಇರುವ ಗಣಿತ ಶಿಕ್ಷಕರ ಹುದ್ದೆಗಳನ್ನು ತುಂಬಲಿ. ತಾಲ್ಲೂಕು ಮಟ್ಟದ ಶಿಕ್ಷಕರ ಸಭೆಗಳಲ್ಲಿ ಸುತ್ತೋಲೆ ಓದುವ ಜೊತೆಗೆ ಒಂದು ಸಮಸ್ಯೆಯನ್ನು ಶಿಕ್ಷಕರೇ ಕೂತು ಬಿಡಿಸುವ ಅರ್ಧ ಗಂಟೆಯಿರಲಿ. ತಾನು ತಡವರಿಸಿ ದಾರಿ ಕಂಡುಕೊಂಡ ಶಿಕ್ಷಕನಿಗೆ ಮಾತ್ರ ಮಗು ತಡವರಿಸುವಾಗ ಕಾಯುವ ತಾಳ್ಮೆ ಬರುತ್ತದೆ.

ತಂದೆ ತಾಯಂದಿರಲ್ಲೂ ಒಂದು ವಿನಂತಿ. ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು ಇಂದು ಯಾವ ಲೆಕ್ಕಕ್ಕೆ ತಲೆ ಕೆಡಿಸಿಕೊಂಡೆ ಎಂದು ಕೇಳಿ. ರಾಶಿಯ ದಿನ ಚೀಲದ ತೂಕ, ತೇವಾಂಶ, ದರಗಳ ಲೆಕ್ಕವನ್ನು ಮಗಳ ಕೈಗೆ ಕೊಡಿ, ಅವಳು ತಪ್ಪಿದರೆ ಬೈಯದೆ ಮತ್ತೊಮ್ಮೆ ನೋಡಲು ಹೇಳಿ. ಗಣಿತ ಶಿಕ್ಷಕರೇ, ಮುಂದಿನ ವಾರ ಒಂದು ಪೀರಿಯಡ್‌ನಲ್ಲಿ ಪುಸ್ತಕ ಮುಚ್ಚಿಟ್ಟು ಹಲಗೆಯ ಮೇಲೆ ಒಂದೇ ಸಮಸ್ಯೆ ಬರೆಯಿರಿ. ಯಾವ ಸೂತ್ರ ಹಚ್ಚಬೇಕೆಂದು ಮಕ್ಕಳು ಕೇಳಿದರೆ, ಸೂತ್ರವನ್ನು ನೀವೇ ಮಾಡಿ ತೋರಿಸಿ ಎಂದು ಹೇಳಿ. ನಮ್ಮ ಮಕ್ಕಳು ಅದನ್ನು ಮಾಡಬಲ್ಲರು.